ಸರ್ಕಾರದ ಕಂತು, ಅಪ್ಪನ ಬಾಕಿಗೆ ಜಮೆಯಲ್ಲ

ಬಿಟ್ಟುಹೋದ ಗಂಡನ ಹತ್ತಿರ ಹೆಣ್ಣುಮಗಳು ಮಕ್ಕಳ ಖರ್ಚು ಕೇಳಿದರೆ ಮೊದಲೆಲ್ಲ ಬರುತ್ತಿದ್ದ ಉತ್ತರ ‘ನನ್ನ ಹತ್ತಿರ ಎಲ್ಲಿದೆ?’ ಎಂದು. ಈಗ ಅದಕ್ಕೆ ಇನ್ನೊಂದು ಮಾತು ಸೇರಿಕೊಳ್ಳುವ ಕಾಲ ಬಂದಿದೆ: ‘ಅವಳಿಗೆ ಸರ್ಕಾರ ಕೊಡ್ತದಲ್ಲ, ಮತ್ತೆಂತಕ್ಕೆ?’ ತಿಂಗಳಿಗೆ ₹2,000 ಗೃಹಲಕ್ಷ್ಮಿ, ರೇಷನ್ ಅಕ್ಕಿ, ಬಸ್ಸು ಪುಕ್ಕಟೆ, ಕರೆಂಟು ಪುಕ್ಕಟೆ. ಇಷ್ಟೆಲ್ಲ ಇರುವಾಗ ಅಪ್ಪನೂ ಕೊಡಬೇಕೇ ಎಂಬ ವಾದ ಕೇಳಲು ಸರಳವಾಗಿದೆ, ಅದಕ್ಕೇ ಅಪಾಯಕಾರಿಯೂ ಆಗಿದೆ. ಮನೆಯ ಜಗಲಿಯಿಂದ ಹಿರಿಯರ ಪಂಚಾಯಿತಿಗೆ, ಅಲ್ಲಿಂದ ವಕೀಲರ ತಕರಾರು ಅರ್ಜಿಗೆ ಇಂಥ ಮಾತು ತಲುಪಲು ಬಹಳ ದಿನ ಬೇಕಿಲ್ಲ. ಅದು ರೂಢಿಯಾಗಿ ಬೇರೂರುವ ಮುನ್ನವೇ ಹೇಳಿಬಿಡಬೇಕು: ತಾಯಿಗೆ ಸರ್ಕಾರ ಕೊಟ್ಟ ಹಣ ಹಿಂದೆ ಬಂದದ್ದಿರಲಿ, ಮುಂದೆ ಬರುವುದಿರಲಿ, ಮಗುವಿಗೆ ತಂದೆ ಕೊಡಬೇಕಾದ ಬಾಕಿಗೆ ಜಮೆಯಾಗಕೂಡದು.

ಈ ಮಾತನ್ನು ಮಾವಿನಕುರ್ವೆಯಿಂದ ಶುರುಮಾಡಲು ಕಾರಣವಿದೆ. ಭಟ್ಕಳದ ಬಂದರಿನ ಮಾವಿನಕುರ್ವೆಯನ್ನೇ ನೋಡಿ, ಹೊನ್ನಾವರದಲ್ಲಿ ಶರಾವತಿಯ ಅಳಿವೆಗೆ ಹತ್ತಿರದ ಮಾವಿನಕುರ್ವೆಯನ್ನೇ ನೋಡಿ, ನೀರನ್ನು ನಂಬಿದ ಮನೆಗಳೇ ಹೆಚ್ಚು. ಗಂಡಸರು ಊರ ಬೋಟಿಗೆ ಹೋಗುತ್ತಾರೆ, ಇಲ್ಲವೇ ಮಲ್ಪೆ, ಮಂಗಳೂರು, ಗೋವಾದ ಬೋಟು ಹತ್ತುತ್ತಾರೆ. ಭಟ್ಕಳ ಸೀಮೆಯಲ್ಲಿ ಗಲ್ಫಿನ ದಾರಿಯೂ ಇದೆ. ಹೆಂಗಸರು ಮೀನು ಮಾರುತ್ತಾರೆ, ಸಿಗಡಿ ಸುಲಿಯುತ್ತಾರೆ, ಭಟ್ಕಳ ಮಲ್ಲಿಗೆ ಕಟ್ಟುತ್ತಾರೆ. ಕುಮಟಾ ಕಡೆ ಅಘನಾಶಿನಿಯ ಅಳಿವೆಯಲ್ಲಿ ಬಳಚು ಹೆಕ್ಕುತ್ತಾರೆ. ಈ ಮನೆಗಳಿಗೆ ಬರುವ ಹಣದಲ್ಲಿ ತಿಂಗಳಿಗೊಮ್ಮೆ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಅಚ್ಚಾಗಿ ಕಾಣುವುದು ಸರ್ಕಾರದ ಕಂತು ಮಾತ್ರ.

ಬೋಟಿನ ದುಡಿಮೆಯ ಲೆಕ್ಕ ಹೇಗಿರುತ್ತದೆಂದು ಕರಾವಳಿಯವರಿಗೆ ಹೊಸದಾಗಿ ಹೇಳಬೇಕಿಲ್ಲ. ಬೋಟು ದಡಕ್ಕೆ ಬಂದು ಮೀನು ಹರಾಜಾಗಬೇಕು. ಬಂದ ದುಡ್ಡಿನಲ್ಲಿ ಡೀಸೆಲ್, ಐಸು, ರೇಷನ್ ಖರ್ಚು ಕಳೆದು ಉಳಿದದ್ದು ಮಾಲೀಕನಿಗೂ ಕೆಲಸದವರಿಗೂ ಪಾಲಾಗಬೇಕು. ಬೋಟು ನಡೆಸುವ ತಾಂಡೇಲನ ಪಾಲು ಬೇರೆ, ಕೈಕೆಲಸದ ಕಲಾಸಿಯ ಪಾಲು ಬೇರೆ. ಒಂದು ಸಲ ಕೈತುಂಬ, ಮುಂದಿನ ಸಲ ಬರಿಗೈ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಈ ದುಡಿಮೆಗೆ ಸಂಬಳದ ಚೀಟಿಯಿಲ್ಲ. ಗಂಡನ ಸಂಪಾದನೆ ಎಷ್ಟೆಂದು ನ್ಯಾಯಾಲಯ ಕೇಳಿದರೆ ಹೆಂಡತಿಯ ಕೈಯಲ್ಲಿ ತೋರಿಸಲು ಏನೂ ಇರುವುದಿಲ್ಲ. ಅವಳಿಗೆ ಎಷ್ಟು ಬರುತ್ತದೆ ಎಂದು ಕೇಳಿದರೆ ಗಂಡನ ಕಡೆಯವರು ತೋರಿಸಲು ಅವಳ ಪಾಸ್‌ಬುಕ್ಕೇ ಇದೆ, ತಾರೀಖು ಸಮೇತ. ಕಾಗದವಿಲ್ಲದ ಇಪ್ಪತ್ತು ಸಾವಿರ ಮರೆಗೆ ಸರಿದು, ಕಾಗದವಿರುವ ಎರಡು ಸಾವಿರ ಮುಂದೆ ಬಂದು ನಿಲ್ಲುತ್ತದೆ. ನಮ್ಮ ಆತಂಕದ ಬೇರು ಇಲ್ಲಿದೆ.

ಕಾನೂನು ಏನು ಹೇಳುತ್ತದೆ

ಮಕ್ಕಳ ಜೀವನಾಂಶಕ್ಕೆ ದಶಕಗಳಿಂದ ಆಸರೆಯಾಗಿದ್ದದ್ದು 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಬಂದಿದೆ. ನಂಬರು ಬದಲಾದರೂ ತಿರುಳು ಅದೇ. ಸಾಕಷ್ಟು ಗಳಿಕೆ ಇದ್ದೂ ಹೆಂಡತಿಯನ್ನು, ಅಪ್ರಾಪ್ತ ಮಕ್ಕಳನ್ನು ನೋಡಿಕೊಳ್ಳದವನಿಗೆ ತಿಂಗಳಿಗಿಷ್ಟು ಕೊಡು ಎಂದು ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಮಗು ಮದುವೆಯೊಳಗೆ ಹುಟ್ಟಿದ್ದೋ ಹೊರಗೆ ಹುಟ್ಟಿದ್ದೋ ಎಂಬ ಭೇದವಿಲ್ಲ. ತಿಂಗಳಿಗೆ ₹500 ಮೀರುವಂತಿಲ್ಲ ಎಂದಿದ್ದ ಮಿತಿ 2001ರ ತಿದ್ದುಪಡಿಯಲ್ಲಿ ಹೋಯಿತು. ನೋಟಿಸು ತಲುಪಿದ 60 ದಿನಗಳೊಳಗೆ ಮಧ್ಯಂತರ ಜೀವನಾಂಶದ ಅರ್ಜಿಯನ್ನು ಸಾಧ್ಯವಾದಷ್ಟೂ ಇತ್ಯರ್ಥ ಮಾಡಬೇಕೆಂಬ ಮಾತೂ ಆಗಲೇ ಸೇರಿತು.

ಭಟ್ಕಳದಂಥ ಊರಿನಲ್ಲಿ ಒತ್ತಿ ಹೇಳಬೇಕಾದ ಇನ್ನೊಂದು ಸಂಗತಿಯಿದೆ. ಮುಸ್ಲಿಂ ತಂದೆಯ ಮಕ್ಕಳಿಗೂ ಇದೇ ಕಲಮಿನಡಿ ಪ್ರಾಪ್ತ ವಯಸ್ಸಿನವರೆಗೆ ಜೀವನಾಂಶದ ಹಕ್ಕಿದೆ, ತಾಯಿಗೆ ತಲಾಖ್ ಆಗಿದ್ದರೂ ಆ ಹಕ್ಕು ಕುಂದುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1997ರಲ್ಲಿ ನೂರ್ ಸಬಾ ಖಾತೂನ್ ಪ್ರಕರಣದಲ್ಲಿ ಹೇಳಿತು. ತಲಾಖ್ ಆದ ಮಹಿಳೆಗೂ ಈ ಕಲಂ ತೆರೆದೇ ಇದೆ ಎಂದು 2024ರ ಜುಲೈ 10ರಂದು ತೆಲಂಗಾಣದಿಂದ ಬಂದ ಮೊಹಮ್ಮದ್ ಅಬ್ದುಲ್ ಸಮದ್ ಪ್ರಕರಣದಲ್ಲಿ ಮತ್ತೆ ಸ್ಪಷ್ಟಪಡಿಸಿತು.

ಹೆಂಡತಿಗೆ ಒಂದಿಷ್ಟು ಗಳಿಕೆ ಇದೆ ಎಂದ ಮಾತ್ರಕ್ಕೆ ಗಂಡ ಕೈತೊಳೆದುಕೊಳ್ಳುವಂತಿಲ್ಲ ಎಂಬುದೂ ಹೊಸದಲ್ಲ. ಜೀವನಾಂಶ ಕೇಳಲು ಅವಳು ಪೂರ್ತಿ ನಿರ್ಗತಿಕಳಾಗಿರಬೇಕಿಲ್ಲ, ಬರುವುದು ಬದುಕಿಗೆ ಸಾಲುತ್ತದೆಯೇ ಎಂದಷ್ಟೇ ನೋಡಬೇಕು ಎಂದು 2007ರ ಚತುರ್ಭುಜ್ ಪ್ರಕರಣ ಹೇಳುತ್ತದೆ. ದುಡಿಯಬಲ್ಲಳು ಎಂಬುದೇ ಜೀವನಾಂಶ ಕಡಿತಕ್ಕೆ ಕಾರಣವಾಗದು ಎಂದು ಕರ್ನಾಟಕದಿಂದ ಹೋದ ಶೈಲಜಾ–ಖೋಬಣ್ಣ ಪ್ರಕರಣದಲ್ಲಿ ತೀರ್ಮಾನವಾಯಿತು. ಗಟ್ಟಿಮುಟ್ಟಾದ ಗಂಡ ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಎಂದು 2022ರ ಅಂಜು ಗರ್ಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಖಡಾಖಂಡಿತವಾಗಿ ಹೇಳಿತು. ಸ್ವಂತ ದುಡಿಮೆಯ ಹಣಕ್ಕೇ ಇಷ್ಟು ರಕ್ಷಣೆ ಇರುವಾಗ ಸರ್ಕಾರ ಕೊಟ್ಟ ಸಹಾಯಧನಕ್ಕೆ ಅದಕ್ಕಿಂತ ಕಡಿಮೆ ರಕ್ಷಣೆ ಇರಲು ಕಾರಣವಿಲ್ಲ.

ಬಿರುಕು ಎಲ್ಲಿದೆ

ಹಾಗಿದ್ದರೆ ಹೆದರಿಕೆ ಯಾಕೆ? ವಾದ ನುಸುಳಲು ಎರಡು ಸಂದುಗಳಿವೆ. ಮಕ್ಕಳನ್ನು ಸಾಕುವ ಹೊಣೆ ತಂದೆತಾಯಿ ಇಬ್ಬರದ್ದೂ ಹೌದು, ಇಬ್ಬರ ಆದಾಯದ ಪ್ರಮಾಣಕ್ಕೆ ತಕ್ಕಂತೆ ಹಂಚಿಕೆಯಾಗಬೇಕು ಎಂದು 2000ನೇ ಇಸವಿಯ ಪದ್ಮಜಾ ಶರ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಬ್ಬರೂ ಸಂಬಳದ ನೌಕರಿಯಲ್ಲಿರುವ ಮನೆಗೆ ಇದು ನ್ಯಾಯವಾದ ಮಾತು. ಅದೇ ಅಳತೆಗೋಲನ್ನು ಮಾವಿನಕುರ್ವೆಯ ಮನೆಗೆ ತಂದು ‘ತಾಯಿಯ ಆದಾಯ ₹2,000’ ಎಂದು ಬರೆದರೆ ಅದು ಅನ್ಯಾಯ. ಗೃಹಲಕ್ಷ್ಮಿ ಅವಳ ದುಡಿಮೆಯ ಫಲವಲ್ಲ, ಸಂಸಾರದ ಹೊರೆ ಹೊತ್ತವಳಿಗೆ ಸರ್ಕಾರ ಕೊಡುವ ಊರೆಗೋಲು. ಹೊರೆ ಹೆಚ್ಚಾಗಿದೆ ಎಂಬುದಕ್ಕೆ ಅದು ಸಾಕ್ಷಿ, ಅವಳಿಗೆ ಅನುಕೂಲವಿದೆ ಎಂಬುದಕ್ಕಲ್ಲ.

ಎರಡನೆಯ ಸಂದು 2020ರ ನವೆಂಬರ್ 4ರ ರಜನೀಶ್–ನೇಹಾ ತೀರ್ಪಿನ ಸುತ್ತ ಇದೆ. ಮಹಿಳೆಯರ ಪರವಾಗಿ ಬಂದ ದೊಡ್ಡ ತೀರ್ಪದು. ಇಬ್ಬರೂ ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ ಸಲ್ಲಿಸಲೇಬೇಕು, ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕ ಹಿಡಿಯಬೇಕು ಎಂದು ದೇಶಕ್ಕೆಲ್ಲ ಒಂದೇ ಪದ್ಧತಿ ತಂದಿತು. ಬೇರೆ ಕಾನೂನಿನಡಿ ಇನ್ನೊಂದು ನ್ಯಾಯಾಲಯ ಈಗಾಗಲೇ ಜೀವನಾಂಶ ಕೊಡಿಸಿದ್ದರೆ ಅದನ್ನು ವಜಾ ಮಾಡಿಕೊಳ್ಳಬಹುದು, ಅಂದರೆ ಹೊಸ ಮೊತ್ತದಲ್ಲಿ ಕಳೆಯಬಹುದು ಎಂದೂ ಹೇಳಿತು. ಈ ವಜಾ ಎಂಬುದನ್ನು ಹಿಗ್ಗಿಸಿ ಸರ್ಕಾರದ ಕಂತಿಗೂ ಅನ್ವಯಿಸುವ ಪ್ರಯತ್ನ ಬಂದರೆ ನ್ಯಾಯಾಲಯಗಳು ಬಾಗಿಲಲ್ಲೇ ತಡೆಯಬೇಕು. ತೀರ್ಪು ಹೇಳಿದ್ದು ಒಬ್ಬನೇ ಗಂಡನ ಜೇಬಿನಿಂದ ಎರಡು ದಾರಿಯಲ್ಲಿ ಹೋಗುವ ಹಣದ ಬಗ್ಗೆ. ಗೃಹಲಕ್ಷ್ಮಿ ಅವನ ಜೇಬಿನಿಂದ ಹೋದದ್ದಲ್ಲ, ಖಜಾನೆಯಿಂದ ಬಂದದ್ದು. ಸರ್ಕಾರದಿಂದ ಬಂದದ್ದನ್ನೆಲ್ಲ ಕಳೆಯುತ್ತ ಹೋದರೆ ಶಕ್ತಿ ಯೋಜನೆಯ ಬಸ್ಸು ಹತ್ತಿ ಹೊನ್ನಾವರದ ಕೋರ್ಟಿಗೆ ಬಂದವಳ ಟಿಕೆಟ್ಟಿನ ಉಳಿತಾಯವನ್ನೂ ಮಗುವಿನ ಹಾಲಿನ ದುಡ್ಡಿನಲ್ಲಿ ಕಳೆಯಬೇಕಾದೀತು.

ಎರಡೂ ಕಡೆ ಕಳೆಯುವ ಲೆಕ್ಕ

ಇದರ ಇನ್ನೊಂದು ಮುಖ ಇನ್ನೂ ಕ್ರೂರವಾದದ್ದು. ಗಂಡ ಸರ್ಕಾರದ ಹಣವನ್ನು ಅವಳ ಲೆಕ್ಕಕ್ಕೆ ಬರೆಯುತ್ತಾನೆ. ಸರ್ಕಾರ ಗಂಡನ ಹಣವನ್ನು ಅವಳ ಲೆಕ್ಕಕ್ಕೆ ಬರೆಯುತ್ತದೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆಗೊಂಡ ಗೃಹಲಕ್ಷ್ಮಿಯ ನಿಯಮವನ್ನೇ ನೋಡಿ. ರೇಷನ್ ಕಾರ್ಡಿನಲ್ಲಿ ಕುಟುಂಬದ ಯಜಮಾನಿ ಎಂದು ನಮೂದಾದ ಮಹಿಳೆಗೆ ಈ ಹಣ. ಅವಳಾಗಲಿ ಅವಳ ಗಂಡನಾಗಲಿ ಆದಾಯ ತೆರಿಗೆ ಕಟ್ಟುತ್ತಿದ್ದರೆ, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುತ್ತಿದ್ದರೆ ಇಲ್ಲ. ಒಟ್ಟಿಗೆ ಬಾಳುವ ದಂಪತಿಗೆ ಈ ನಿಯಮ ಸರಿ. ನಾಲ್ಕು ವರ್ಷದಿಂದ ಬಿಡಿಗಾಸು ಕಳಿಸದೆ ಬೇರೆ ಊರಲ್ಲಿ ಅಂಗಡಿ ಇಟ್ಟು ಜಿಎಸ್‌ಟಿ ತುಂಬುವ ಗಂಡನ ಹೆಂಡತಿಗೆ? ಅವನ ದುಡಿಮೆ ಅವಳ ಮನೆಗೆ ಬರುವುದಿಲ್ಲ, ಆದರೆ ಅವನ ಹೆಸರು ಅವಳ ಅರ್ಜಿಗೆ ಅಡ್ಡ ಬರುತ್ತದೆ.

ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯ ₹1.20 ಲಕ್ಷ ಮೀರಬಾರದು. ತಾಯಿ ಮತ್ತು ಇಬ್ಬರು ಮಕ್ಕಳಿಗೆ ಸೇರಿ ನ್ಯಾಯಾಲಯ ತಿಂಗಳಿಗೆ ₹10,000 ಆದೇಶಿಸಿದರೆ ವರ್ಷಕ್ಕೆ ಆಗುವುದು ಸರಿಯಾಗಿ ₹1.20 ಲಕ್ಷ. ಅವಳ ಸ್ವಂತ ದುಡಿಮೆಯ ಒಂದು ರೂಪಾಯಿ ಅದಕ್ಕೆ ಸೇರಿದರೂ ಕಾಗದದ ಮೇಲೆ ಅವಳು ಬಡವಳಲ್ಲ. ಆ ಹತ್ತು ಸಾವಿರದಲ್ಲಿ ಒಂದು ಕಂತೂ ಕೈಗೆ ಬಂದಿಲ್ಲದಿದ್ದರೂ ಆದೇಶದ ಪ್ರತಿ ಕಡತದಲ್ಲಿ ಕೂತಿರುತ್ತದೆ. ಕಾರ್ಡು ರದ್ದಾದರೆ ಏನಾಗುತ್ತದೆಂಬುದು 2024ರ ನವೆಂಬರಿನಲ್ಲಿ ರಾಜ್ಯಕ್ಕೆಲ್ಲ ಗೊತ್ತಾಯಿತು. ಅನರ್ಹರೆಂದು ಬಿಪಿಎಲ್ ಕಾರ್ಡುಗಳನ್ನು ಕಿತ್ತಾಗ ಅರ್ಹರೂ ಹೊರಬಿದ್ದು, ಗದ್ದಲವಾಗಿ, ಸರ್ಕಾರವೇ ಹಿಂದೆ ಸರಿಯಬೇಕಾಯಿತು.

ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವವನ್ನೂ ಹೀಗೇ ನೋಡಬೇಕು. ವಿಧವೆಯ, ವಿಚ್ಛೇದಿತೆಯ, ಮನೆಯವರು ಕೈಬಿಟ್ಟ ತಾಯಿಯ ಮಗುವಿಗೆ ತಿಂಗಳಿಗೆ ₹4,000 ಸಿಗುವ ಯೋಜನೆ ಇದು. ಹಳ್ಳಿಯಲ್ಲಾದರೆ ಕುಟುಂಬದ ಆದಾಯ ವರ್ಷಕ್ಕೆ ₹72,000, ಬೇರೆಡೆ ₹96,000 ಮೀರಬಾರದು. ತಿಂಗಳಿಗೆ ₹6,000 ಜೀವನಾಂಶ ಎಂದರೆ ವರ್ಷಕ್ಕೆ ₹72,000 ಆಯಿತು. ಆದಾಯ ಪ್ರಮಾಣಪತ್ರ ಬರೆಯುವ ಕೈ ಆದೇಶದ ಮೊತ್ತವನ್ನೇ ಆದಾಯ ಎಂದು ಹಿಡಿದರೆ ಗೆದ್ದ ಕೇಸೇ ಮಗುವಿಗೆ ಮುಳುವಾಗುತ್ತದೆ. ಕೈಗೆ ಬಂದದ್ದೆಷ್ಟು ಎಂದು ಕೇಳಿ ಬರೆದರೆ ಮಾತ್ರ ಲೆಕ್ಕ ನಿಜವಾಗುತ್ತದೆ. ನಾಡಕಚೇರಿಯ ಮೇಜಿನ ಮೇಲೆ ನಡೆಯುವ ಈ ಒಂದು ಸಾಲಿನ ಬರವಣಿಗೆಯಲ್ಲಿ ಮಗುವಿನ ನಾಲ್ಕು ಸಾವಿರ ನಿಂತಿದೆ.

ಮನಸ್ವಿನಿ ಪಿಂಚಣಿ ಯೋಜನೆಯ ಗೋಡೆ ಬೇರೆ. ಅದು 40ರಿಂದ 64 ವರ್ಷದ ಅವಿವಾಹಿತ, ವಿಚ್ಛೇದಿತ ಬಡ ಮಹಿಳೆಯರಿಗೆ. ನಮ್ಮ ಕಡೆ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದವರಲ್ಲಿ ಹೆಚ್ಚಿನವರು ಇಪ್ಪತ್ತೈದು, ಮೂವತ್ತರ ಪ್ರಾಯದವರು. ವಿಚ್ಛೇದನ ಆಗಿರುವುದಿಲ್ಲ, ಗಂಡ ಬರುವುದೂ ಇಲ್ಲ. ಕಾಗದದ ಲೆಕ್ಕದಲ್ಲಿ ಅವರು ವಿವಾಹಿತೆಯರು.

ಅತ್ತೆಯ ಕಾರ್ಡಿನಲ್ಲಿ ಸೊಸೆಯ ಹೆಸರು

ಇನ್ನು ರೇಷನ್ ಕಾರ್ಡಿನ ಪಾಡು. ಒಂದು ಕಾರ್ಡಿಗೆ ಒಬ್ಬಳೇ ಯಜಮಾನಿ. ಕೂಡುಕುಟುಂಬದಲ್ಲಿ ಅದು ಸಾಮಾನ್ಯವಾಗಿ ಅತ್ತೆ. ಯೋಜನೆ ಘೋಷಣೆಯಾದಾಗ ಹಣ ಅತ್ತೆಗೋ ಸೊಸೆಗೋ ಎಂದು ರಾಜ್ಯದಲ್ಲೆಲ್ಲ ಚರ್ಚೆಯಾಗಿ, ಮನೆಯ ಯಜಮಾನಿ ಅತ್ತೆಯೇ ಎಂಬ ಉತ್ತರವೂ ಬಂತು. ಈಗ ಒಂದು ಮನೆಯನ್ನು ಮುಂದಿಟ್ಟುಕೊಳ್ಳಿ. ಸೊಸೆ ಎರಡು ಮಕ್ಕಳೊಂದಿಗೆ ತವರಿಗೆ ಬಂದಿದ್ದಾಳೆ. ಕಾರ್ಡು ಅತ್ತೆಯ ಹೆಸರಿನಲ್ಲಿದೆ, ಸೊಸೆಯ ಮತ್ತು ಮಕ್ಕಳ ಹೆಸರು ಅದರ ಕೆಳಗಿದೆ. ಮಕ್ಕಳ ತಲೆಯ ಅಕ್ಕಿ ಆ ಮನೆಗೆ ಹೋಗುತ್ತದೆ, ಗೃಹಲಕ್ಷ್ಮಿ ಅತ್ತೆಯ ಖಾತೆಗೆ ಬೀಳುತ್ತದೆ. ತವರಿನ ಕಾರ್ಡಿಗೆ ಸೇರಬೇಕಾದರೆ ಅತ್ತೆಯ ಕಾರ್ಡಿನಿಂದ ಹೆಸರು ತೆಗೆಸಬೇಕು. ಆ ಮನೆಯವರು ಸಹಕರಿಸಬೇಕು, ಇಲ್ಲವೇ ಕಚೇರಿಯಿಂದ ಕಚೇರಿಗೆ ಅಲೆಯಬೇಕು. ತವರಿನ ಕಾರ್ಡಿಗೆ ಸೇರಿದರೂ ಅಲ್ಲಿನ ಯಜಮಾನಿ ಅವಳ ತಾಯಿ. ಇಂಥವಳನ್ನು ಎದುರು ಕೂರಿಸಿಕೊಂಡು ‘ಸರ್ಕಾರ ಕೊಡ್ತದಲ್ಲ ತಂಗಿ’ ಎಂದರೆ, ಆ ಹಣ ಹೇಳುವವನ ಅವ್ವನ ಖಾತೆಯಲ್ಲೇ ಇರಬಹುದು. ಪಂಚಾಯಿತಿಗೆ ಕೂತವರು ಬೇರೆ ಮಾತಿಗೆ ಮುಂಚೆ ಕೇಳಬೇಕಾದ ಪ್ರಶ್ನೆ: ಕಾರ್ಡು ಯಾರ ಹೆಸರಿನಲ್ಲಿದೆ, ಖಾತೆ ಯಾರದ್ದು?

ಮಗಳ ಹೆಸರಿನಲ್ಲಿ ಸರ್ಕಾರ ಇಟ್ಟ ಭಾಗ್ಯಲಕ್ಷ್ಮಿ ಬಾಂಡಿಗೂ ಈ ಎಚ್ಚರ ಬೇಕು. 2006ರಲ್ಲಿ ಶುರುವಾದ ಆ ಯೋಜನೆಯ ಮೊದಲ ತಲೆಮಾರಿನ ಹುಡುಗಿಯರಿಗೆ ಈಗ 18 ತುಂಬಿದೆ, ಬಾಂಡಿನ ಹಣ ಕೈಗೆ ಬರುವ ಹೊತ್ತು. 144ನೇ ಕಲಮಿನ ಮಾಮೂಲಿ ರಕ್ಷಣೆ ಪ್ರಾಪ್ತ ವಯಸ್ಸಿಗೆ ಮುಗಿಯುವುದೂ ಇದೇ ಹೊತ್ತಿಗೆ. ಹಿಂದೂ ಕುಟುಂಬದ ಅವಿವಾಹಿತ ಮಗಳಿಗೆ ತನ್ನನ್ನು ತಾನು ಸಾಕಿಕೊಳ್ಳಲಾಗದಿದ್ದರೆ 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಮಿನಡಿ ಮುಂದೆಯೂ ಹಕ್ಕಿದೆ ಎಂಬುದನ್ನು 2020ರ ಅಭಿಲಾಷಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೆನಪಿಸಿತು. ‘ಬಾಂಡು ಬಂತಲ್ಲ, ಕಾಲೇಜಿಗೆ ಅದೇ ಸಾಕು’ ಎಂಬ ಮಾತು ಆ ಹಕ್ಕಿನ ಮೇಲೆ ಕಲ್ಲು ಹಾಕುತ್ತದೆ. ಆ ಹಣ ಹುಡುಗಿಯದ್ದು. ಹದಿನೆಂಟು ವರ್ಷ ಅದನ್ನು ಕೂಡಿಟ್ಟದ್ದು ಅಪ್ಪನಲ್ಲ.

ಹಿಂದಿನ ಕಂತಿನ ನಿಜವಾದ ಬೆಲೆ

ಸರ್ಕಾರದ ಹಣ ಜೀವನಾಂಶವನ್ನು ತಿನ್ನುವ ಇನ್ನೊಂದು ಬಗೆಯಿದೆ. ಅದಕ್ಕೆ ಯಾರ ವಾದವೂ ಬೇಕಿಲ್ಲ, ಕಾಲವೇ ಸಾಕು. ತಿಂಗಳಿಗೆ ಎರಡು ಸಾವಿರ ಬರತೊಡಗಿದಾಗ, ಅಕ್ಕಿ ಸಿಕ್ಕಾಗ, ಅಣ್ಣತಮ್ಮಂದಿರು ‘ಸದ್ಯಕ್ಕೆ ನಡೀತದೆ, ಕೋರ್ಟು ಕಚೇರಿ ಯಾಕೆ, ಅವ ಬಂದರೂ ಬಂದ’ ಎನ್ನುತ್ತಾರೆ. ಅವಳೂ ಕಾಯುತ್ತಾಳೆ. ಕಾದ ತಿಂಗಳುಗಳಿಗೆ ಬೆಲೆ ಕಟ್ಟುವವರು ಯಾರು?

ಲೆಕ್ಕಕ್ಕೆ ಒಂದು ಮಗುವಿಗೆ ತಿಂಗಳಿಗೆ ₹3,000 ಸಿಗಬಹುದಿತ್ತು ಎಂದು ಇಟ್ಟುಕೊಳ್ಳಿ. ಎರಡು ಮಕ್ಕಳು, ಎರಡು ವರ್ಷ ತಡ. ₹1,44,000 ಆಯಿತು. ಜೀವನಾಂಶ ಅರ್ಜಿಯ ದಿನದಿಂದ ಲೆಕ್ಕವಾಗುವುದರಿಂದ ಅರ್ಜಿಗೆ ಹಿಂದಿನ ಈ 24 ತಿಂಗಳ ಹಣ 144ನೇ ಕಲಮಿನ ದಾರಿಯಲ್ಲಿ ಸಿಗುವುದಿಲ್ಲ. ಅದೇ ಅವಧಿಯಲ್ಲಿ ಎಲ್ಲ ಕಂತೂ ತಪ್ಪದೆ ಬಂದಿದ್ದರೂ ಗೃಹಲಕ್ಷ್ಮಿಯಿಂದ ಸಿಕ್ಕಿರುವುದು ₹48,000. ಕಂತುಗಳು ತಿಂಗಳುಗಟ್ಟಲೆ ತಡವಾದದ್ದನ್ನೂ ಕಂಡಿದ್ದೇವೆ. ಸರ್ಕಾರ ಕೊಟ್ಟದ್ದು ಒಂದು ಪಾಲು, ಆ ನೆಪದಲ್ಲಿ ಅಪ್ಪನಿಗೆ ಉಳಿದದ್ದು ಮೂರು ಪಾಲು.

ಆದೇಶ ಬಂದ ಮೇಲೂ ಕಾಲದ ಕತ್ತಿ ತೂಗುತ್ತಲೇ ಇರುತ್ತದೆ. ಬಾಕಿ ಉಳಿಸಿಕೊಂಡವನ ಮೇಲೆ ವಾರಂಟು ಹೊರಡಿಸಬಹುದು, ಒಂದೊಂದು ತಿಂಗಳ ಬಾಕಿಗೂ ಒಂದು ತಿಂಗಳವರೆಗೆ ಜೈಲಿಗೆ ಕಳಿಸಬಹುದು. ಆದರೆ ಹಣ ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಿರಬೇಕು. ತಡವಾದರೆ ಹಕ್ಕೇ ಅಳಿಯುವುದಿಲ್ಲ, ಆ ಬಾಕಿಗೆ ವಾರಂಟಿನ ದಾರಿ ಮುಚ್ಚುತ್ತದೆ ಎಂಬುದನ್ನು 2013ರ ಪೂಂಗೊಡಿ ಪ್ರಕರಣ ಬಿಡಿಸಿ ಹೇಳಿದೆ. ಬೋಟಿನಲ್ಲೋ ಗಲ್ಫಿನಲ್ಲೋ ಇರುವ ಗಂಡನ ಮಟ್ಟಿಗೆ ವಾರಂಟಿಲ್ಲದ ಬಾಕಿ ಬಾಕಿಯಲ್ಲ. ಜೈಲಿಗೆ ಹೋಗಿ ಬಂದರೂ ಸಾಲ ತೀರುವುದಿಲ್ಲ ಎಂದು 1988ರಷ್ಟು ಹಿಂದೆಯೇ ಕುಲದೀಪ್ ಕೌರ್ ಪ್ರಕರಣದಲ್ಲಿ ತೀರ್ಮಾನವಾಗಿದೆ ಎಂಬುದನ್ನೂ ಅಂಥವರಿಗೆ ತಿಳಿಸಬೇಕು.

ಹೊರದೇಶಗಳು ಎಡವಿದ ಕಲ್ಲು

ಸರ್ಕಾರದ ನೆರವನ್ನೂ ಅಪ್ಪನ ಹೊಣೆಯನ್ನೂ ಒಂದೇ ಖಾತೆಗೆ ಸೇರಿಸಿದ ದೇಶಗಳು ಏನು ಕಂಡವು? ಅಮೆರಿಕದ 1975ರ ಕಾನೂನು ಸರ್ಕಾರದ ನೆರವು ಪಡೆಯುವ ತಾಯಿ ಮಗುವಿನ ಜೀವನಾಂಶದ ಹಕ್ಕನ್ನು ಸರ್ಕಾರಕ್ಕೇ ಬರೆದುಕೊಡಬೇಕು ಎಂದಿತು. ಅಪ್ಪನಿಂದ ವಸೂಲಾದ ಹಣ ಮಗುವಿನ ತಟ್ಟೆಗೆ ಹೋಗದೆ ಸರ್ಕಾರ ಹಿಂದೆ ಕೊಟ್ಟ ನೆರವಿಗೆ ಜಮೆಯಾಗತೊಡಗಿತು. ಮುಂದೆ 2005ರ ಕಾಯ್ದೆ ಒಂದು ಮಗುವಿದ್ದರೆ ತಿಂಗಳಿಗೆ 100 ಡಾಲರ್, ಎರಡು ಅಥವಾ ಹೆಚ್ಚಿದ್ದರೆ 200 ಡಾಲರ್‌ವರೆಗೆ ಕುಟುಂಬಕ್ಕೇ ಬಿಟ್ಟುಕೊಡಲು ರಾಜ್ಯಗಳಿಗೆ ಉತ್ತೇಜನ ಕೊಟ್ಟಿತು. ಚಾಲ್ತಿ ಜೀವನಾಂಶವನ್ನು ಪೂರ್ತಿ ತಾಯಿಗೇ ತಲುಪಿಸುವ ಕ್ರಮಕ್ಕೆ ಕೊಲೊರಾಡೊ ರಾಜ್ಯ ಬಂದದ್ದು 2017ರಲ್ಲಿ.

ಬ್ರಿಟನ್ 1993ರಲ್ಲಿ ಜೀವನಾಂಶ ವಸೂಲಿಗೆಂದೇ ಒಂದು ಸಂಸ್ಥೆ ಕಟ್ಟಿತು. ಅಪ್ಪ ಒಂದು ಪೌಂಡ್ ಕೊಟ್ಟರೆ ಬಡ ತಾಯಿಯ ಸರ್ಕಾರಿ ನೆರವಿನಲ್ಲಿ ಒಂದು ಪೌಂಡ್ ಕಡಿತವಾಗುತ್ತಿತ್ತು. ಕೊಟ್ಟರೂ ಮಗುವಿಗೆ ಲಾಭವಿಲ್ಲ ಎಂದಾದಾಗ ಕೊಡುವವನಿಗೂ ಕೇಳುವವಳಿಗೂ ಉತ್ಸಾಹ ಉಳಿಯಲಿಲ್ಲ. ಕೊನೆಗೆ 2010ರ ಏಪ್ರಿಲಿನಿಂದ ನೆರವಿನ ಲೆಕ್ಕದಲ್ಲಿ ಮಕ್ಕಳ ಜೀವನಾಂಶವನ್ನು ಪರಿಗಣಿಸಲೇಬಾರದು ಎಂದು ಬದಲಾಯಿಸಬೇಕಾಯಿತು. ಆ ಬುದ್ಧಿ ಬರಲು ಹದಿನೇಳು ವರ್ಷ ಹಿಡಿಯಿತು.

ನಮ್ಮಲ್ಲಿ ಅಂಥ ವಸೂಲಿ ಯಂತ್ರ ಇಲ್ಲ. ಒಂದು ದೃಷ್ಟಿಯಲ್ಲಿ ಅದು ಕೊರತೆ. ಕರಾವಳಿಯ ತಾಯಿ ತನ್ನ ಬಾಕಿಯನ್ನು ತಾನೇ ಬೆನ್ನಟ್ಟಬೇಕು. ಇನ್ನೊಂದು ದೃಷ್ಟಿಯಲ್ಲಿ ಅದು ಅವಕಾಶ. ತಪ್ಪು ನಿಯಮವೊಂದು ಬರೆಹದಲ್ಲಿ ಇನ್ನೂ ಕೂತಿಲ್ಲದಾಗಲೇ ಸರಿಯಾದ ನಿಯಮ ಬರೆಯಬಹುದು.

ಅಪ್ಪನೂ ಬಡವನಾದರೆ?

ಇದು ನ್ಯಾಯವಾದ ಪ್ರಶ್ನೆ. ಜೂನ್, ಜುಲೈಯಲ್ಲಿ ದುಡಿಮೆ ಇಲ್ಲದ ಕಲಾಸಿಗೆ ತಿಂಗಳಿಗೆ ಆರು ಸಾವಿರ ಎಲ್ಲಿಂದ ಬರಬೇಕು? ಮೀನುಗಾರರ ಉಳಿತಾಯ ಮತ್ತು ಪರಿಹಾರ ಯೋಜನೆಯಲ್ಲಿ ಅವನೇ ಕಟ್ಟಿದ ₹1,500ಕ್ಕೆ ಸರ್ಕಾರಗಳ ₹3,000 ಸೇರಿ ಸಿಗುವುದು ₹4,500. ಅದರಲ್ಲಿ ಅವನ ಹೊಟ್ಟೆಪಾಡೂ ಆಗಬೇಕು. ಬಡ ತಂದೆಯನ್ನು ಜೈಲಿಗೆ ಹಾಕಿದರೆ ಮಗುವಿಗೆ ಅನ್ನ ಸಿಗುವುದಿಲ್ಲ ಎಂಬುದೂ ನಿಜ.

ಇದಕ್ಕೆ ಕಾನೂನಿನಲ್ಲೇ ದಾರಿಯಿದೆ. ಪರಿಸ್ಥಿತಿ ಬದಲಾದರೆ ಜೀವನಾಂಶದ ಮೊತ್ತ ಹೆಚ್ಚಿಸಲು, ತಗ್ಗಿಸಲು 146ನೇ ಕಲಮಿನಡಿ ಅರ್ಜಿ ಹಾಕಬಹುದು. ದುಡಿಮೆ ನಿಂತ ತಿಂಗಳು ಕಡಿಮೆ, ಸೀಸನ್ನಿನಲ್ಲಿ ಹೆಚ್ಚು ಎಂದು ಋತುಮಾನಕ್ಕೆ ತಕ್ಕ ಕಂತು ಕಟ್ಟಿಕೊಡಿ ಎಂದು ನ್ಯಾಯಾಲಯವನ್ನು ಕೇಳಬಹುದು. ಅವನ ಬಡತನ ಅವನ ದುಡಿಮೆಯ ಲೆಕ್ಕದಲ್ಲಿ ಸಾಬೀತಾಗಲಿ. ಹೆಂಡತಿಯ ಪಾಸ್‌ಬುಕ್ಕಿನಲ್ಲಿ ಅದನ್ನು ಹುಡುಕುವುದು ಬೇಡ. ತಾನು ಕೊಡಲಾಗದ ತಿಂಗಳಲ್ಲಿ ಸರ್ಕಾರ ತನ್ನ ಮಗುವನ್ನು ನೋಡಿಕೊಂಡಿತು ಎಂದು ತಂದೆ ಸಮಾಧಾನಪಡಲಿ, ಅದನ್ನು ರಸೀದಿ ಎಂದು ಚಾಚುವುದು ಸಲ್ಲದು.

ಈಗಲೇ ಆಗಬೇಕಾದದ್ದು

ಗೃಹಲಕ್ಷ್ಮಿಯ ಹೊಣೆ ಹೊತ್ತ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ಇದು ಮಹಿಳೆಯ ಸಬಲೀಕರಣದ ನೆರವು, ಯಾರ ಜೀವನಾಂಶದ ಹೊಣೆಯನ್ನೂ ತಗ್ಗಿಸುವಂಥದ್ದಲ್ಲ ಎಂದು ಆದೇಶದಲ್ಲೇ ಸೇರಿಸಲಿ. ಒಂದು ಸಾಲು ಸಾಕು, ನಾಳೆ ಯಾವ ನ್ಯಾಯಾಲಯದಲ್ಲೂ ತಾಯಿಯ ಪರ ವಕೀಲರು ಅದನ್ನು ಎತ್ತಿ ತೋರಿಸಬಹುದು. ಗಂಡ ತೆರಿಗೆ ಕಟ್ಟುವವನಾದರೂ ಪರಿತ್ಯಕ್ತೆಯೆಂದು ನ್ಯಾಯಾಲಯದ ಆದೇಶ ಅಥವಾ ಸ್ಥಳ ಮಹಜರಿನಿಂದ ಖಚಿತವಾದರೆ ಅವಳನ್ನು ಹೊರಗಿಡಬಾರದು.

ಕಂದಾಯ ಇಲಾಖೆ ಆದಾಯ ಪ್ರಮಾಣಪತ್ರದಲ್ಲಿ ಜೀವನಾಂಶದ ಆದೇಶದ ಮೊತ್ತವನ್ನಲ್ಲ, ಹಿಂದಿನ 12 ತಿಂಗಳಲ್ಲಿ ಕೈಗೆ ಬಂದ ಮೊತ್ತವನ್ನು ಮಾತ್ರ ಗಣಿಸುವಂತೆ ತಹಶೀಲ್ದಾರರಿಗೆ ಸುತ್ತೋಲೆ ಕಳಿಸಲಿ. ಮಗುವಿನ ಪಾಲಿಗೆ ಬಂದ ಜೀವನಾಂಶವನ್ನು ತಾಯಿಯ ಆದಾಯಕ್ಕೆ ಸೇರಿಸದಿದ್ದರೆ ಇನ್ನೂ ಒಳ್ಳೆಯದು. ಆಹಾರ ಇಲಾಖೆ ಗಂಡನ ಮನೆಯ ಒಪ್ಪಿಗೆಯಿಲ್ಲದೆಯೂ ತಾಯಿ ಮಕ್ಕಳ ಹೆಸರನ್ನು ಬೇರ್ಪಡಿಸಿ ಪ್ರತ್ಯೇಕ ಕಾರ್ಡು ಕೊಡುವ ದಾರಿ ಮಾಡಲಿ, ಅದಕ್ಕೆ ವಿಚ್ಛೇದನದ ಡಿಕ್ರಿ ಕೇಳದಿರಲಿ.

ಮ್ಯಾಜಿಸ್ಟ್ರೇಟರ ಮುಂದೆ ಬರುವ ಪ್ರಮಾಣಪತ್ರಗಳಲ್ಲಿ ಬೋಟಿನ ಪಾಲಿನ ಲೆಕ್ಕ ತರಿಸುವ ರೂಢಿ ಬೆಳೆಯಬೇಕು. ಮಾಲೀಕನ ಪಾಲುಪಟ್ಟಿ, ಹರಾಜಿನ ಚೀಟಿ, ಮೀನುಗಾರರ ಸಹಕಾರಿ ಸಂಘದ ಖಾತೆ ಇವೆಲ್ಲ ಕಾಗದಗಳೇ. ಭಟ್ಕಳ, ಹೊನ್ನಾವರ, ಕುಮಟಾದ ವಕೀಲರು ಇವನ್ನು ತರಿಸಲು ಅರ್ಜಿ ಹಾಕುವುದು ಅಭ್ಯಾಸವಾದರೆ ಕಾಗದವಿಲ್ಲದ ಸಂಪಾದನೆ ಎಂಬ ನೆಪ ಅರ್ಧ ಮುರಿದಂತೆ. ಸಮುದಾಯದ ಪಂಚಾಯಿತಿಗಳಿಗೆ, ಜಮಾತಿನ ಹಿರಿಯರಿಗೆ ನಮ್ಮದೊಂದೇ ಕೋರಿಕೆ: ರಾಜಿ ಮಾಡಿಸುವಾಗ ಸರ್ಕಾರದ ಯೋಜನೆಗಳ ಹೆಸರು ತೆಗೆಯಬೇಡಿ. ಅಪ್ಪ ಎಷ್ಟು ಕೊಡುತ್ತಾನೆ ಎಂದಷ್ಟೇ ಬರೆಸಿ, ಮತ್ತು ಆ ರಾಜಿಯನ್ನು ನ್ಯಾಯಾಲಯದಲ್ಲಿ ದಾಖಲಿಸಿ. ಬಾಯಿಮಾತಿನ ರಾಜಿಗೆ ವಾರಂಟು ಹೊರಡುವುದಿಲ್ಲ.

ಕೊನೆಗೆ, ಈ ಹೊರೆ ಹೊತ್ತ ತಾಯಂದಿರಿಗೆ. ಗೃಹಲಕ್ಷ್ಮಿ ಬರುತ್ತದೆಂದು ಅರ್ಜಿ ಮುಂದೂಡಬೇಡಿ. ಗಂಡ ಎಲ್ಲಿದ್ದರೂ ನೀವಿರುವ ಊರಿನ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರು ಸಿಗುತ್ತಾರೆ. ತಾಲ್ಲೂಕು ಕಾನೂನು ಸೇವೆಗಳ ಸಮಿತಿ ನ್ಯಾಯಾಲಯದ ಆವರಣದಲ್ಲೇ ಇದೆ, ಸಹಾಯವಾಣಿ 15100. ಆದೇಶ ಬಂದು ಕಂತು ತಪ್ಪಿದರೆ ವರ್ಷ ತುಂಬುವ ಮೊದಲೇ ವಸೂಲಿಗೆ ಅರ್ಜಿ ಹಾಕಿ. ಸರ್ಕಾರದಿಂದ ಏನು ಬರುತ್ತದೆಂದು ಕೇಳಿದರೆ ಮುಚ್ಚಿಡದೆ ಹೇಳಿ, ಜೊತೆಗೆ ಅದು ಮಗುವಿನ ಅಪ್ಪ ಕೊಟ್ಟದ್ದಲ್ಲ ಎಂಬುದನ್ನೂ ಬರೆಸಿ.